ಬಿಳಿ ಹೆಲಿಕಾಪ್ಟರಿಗೆ ಕೈ ಮುಗಿದವರು

ನನ್ನ ಗಂಡ ದೊಡ್ಡಬಳ್ಳಾಪುರದ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಎನ್‌ಸಿಸಿಯೂ ಅವರ ಪಾಲಿಗೇ ಬಂದಿತ್ತು. ಹಾಗಾಗಿ ಒಂದು ದಿನವೂ ಸೇನೆಯಲ್ಲಿ ಇರದೆಯೇ ನಿವೃತ್ತ ಸೇನಾಧಿಕಾರಿಯ ಗತ್ತನ್ನು ಪೂರ್ತಿ ಸಂಪಾದಿಸಿಕೊಂಡಿದ್ದಾರೆ. ಮನೆಯ ಮೇಲೆ ಮಿಲಿಟರಿ ಹೆಲಿಕಾಪ್ಟರ್ ಹಾರಿದರೆ ಊಟದ ತಟ್ಟೆ ಬಿಟ್ಟು ಅಂಗಳಕ್ಕೆ ಓಡುತ್ತಾರೆ. ನಾನು ಕರೆದಾಗ ಅಷ್ಟು ಚುರುಕಾಗಿ ಎದ್ದದ್ದನ್ನು ಈವರೆಗೆ ನೋಡಿಲ್ಲ.

ನೆರೆಯಲ್ಲಿ, ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಹೆಲಿಕಾಪ್ಟರಿನಲ್ಲಿ ಹುಡುಕಿ ಎತ್ತಿ ತರುವ ಕೆಲಸವನ್ನು ನಮ್ಮ ಕಡೆ ಸೇನೆಯಿಂದ ಬಿಡಿಸಿ ಖಾಸಗಿ ಕಂಪನಿಗೆ ವಹಿಸಿದರು ಎಂಬ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಸೂತಕ. ಅವರು ಮಧ್ಯಾಹ್ನದ ಕಾಫಿಯನ್ನೂ ಮುಟ್ಟಲಿಲ್ಲ.

"ಸೈನಿಕರು ಗಡಿ ಕಾಯ್ಬೇಕಾ, ಕೆರೇಗ್ ಬಿದ್ದೋರ್ನ ಎತ್ತಬೇಕಾ? ಕಂಪನಿಯೋರೇ ಎತ್ಲಿ ಬಿಡ್ರಿ" ಎಂದೆ.

"ನಿಂಗೇನೇ ಗೊತ್ತು. ಇನ್ಮೇಲೆ ಮುಳುಗ್ತಿರೋನು ಮೊದ್ಲು ಆಧಾರ್ ಕಾರ್ಡ್ ತೋರಿಸ್ಬೇಕು. ಆಮೇಲೆ ಹಗ್ಗ ಇಳಿಸ್ತಾರೆ" ಎಂದರು.

ದೇಶದ ಈ ದುರ್ಗತಿಯನ್ನು ಅವರು ಕ್ಷೌರದಂಗಡಿಯಲ್ಲಿ, ಹಾಲಿನ ಡೈರಿಯಲ್ಲಿ, ಕಡೆಗೆ ನನ್ನ ಅಕ್ಕನ ಮೊಮ್ಮಗಳ ನಾಮಕರಣದಲ್ಲೂ ವಿವರಿಸಿದರು. ಯಾರೂ ಎದುರಾಡಲಿಲ್ಲ. ಎದುರಾಡಿದರೆ ಇನ್ನೂ ಅರ್ಧ ಗಂಟೆ ಕೇಳಬೇಕಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಆ ವರ್ಷ ಮಳೆ ಬಿಡದೆ ಹೊಡೆದು ನಮ್ಮೂರ ಕೆರೆ ಕೋಡಿ ಬಿತ್ತು. ಹೆಂಗಸರೆಲ್ಲ ಕೆರೆಗೆ ಬಾಗಿನ ಕೊಡಲು ಏರಿಯ ಮೇಲೆ ಸೇರಿದ್ದೆವು. ಕೋಡಿ ಹಳ್ಳದ ಪಕ್ಕದಲ್ಲಿ ನಮ್ಮದೊಂದು ತುಂಡು ಹೊಲ, ಅದರಲ್ಲೊಂದು ಪಂಪ್‌ಹೌಸ್. ನೀರು ನುಗ್ಗುವ ಮೊದಲು ಸ್ಟಾರ್ಟರ್ ಬಿಚ್ಚಿ ತರುತ್ತೇನೆಂದು ನಮ್ಮ ಸೇನಾನಿ ಒಬ್ಬರೇ ಹೊರಟರು. ನೀರು ಇವರ ಅಪ್ಪಣೆಗೆ ಕಾಯಲಿಲ್ಲ. ನಾವು ನೋಡನೋಡುತ್ತಿದ್ದಂತೆ ಹಳ್ಳ ಹೊಲಕ್ಕೆ ತಿರುಗಿ, ಇವರು ಪಂಪ್‌ಹೌಸಿನ ತಾರಸಿ ಹತ್ತಿ ನಿಂತರು. ಸುತ್ತ ಕೆಂಪು ನೀರು. ಅಗ್ನಿಶಾಮಕದವರು ಬಂದು, ಈ ಸೆಳೆತಕ್ಕೆ ದೋಣಿ ಇಳಿಸಲಾಗದು ಎಂದು ಕೈಚೆಲ್ಲಿ, ಕಂಪನಿಯ ನಂಬರ್ ಕೊಟ್ಟರು.

ಕನ್ನಡಕ್ಕಾಗಿ ಮೂರನ್ನು ಒತ್ತಿದೆ. ನನ್ನ ಕರೆ ಅವರಿಗೆ ಅತ್ಯಮೂಲ್ಯವೆಂದು ಒಂದು ಧ್ವನಿ ಹೇಳಿತು. ನನ್ನ ಗಂಡನ ಬಗ್ಗೆ ಅದು ಏನೂ ಹೇಳಲಿಲ್ಲ. ಆಮೇಲೆ ಸಿಕ್ಕ ಹುಡುಗಿ ಮಾತ್ರ ಚುರುಕಾಗಿದ್ದಳು. ಆಧಾರ್ ಕೇಳಲಿಲ್ಲ. ಇವರಿಗೆ ಫೋನ್ ಮಾಡಿ "ಹೆಲಿಕಾಪ್ಟರ್ ಬರ್ತಿದೆ" ಎಂದೆ. "ಗೊತ್ತು, ಇಂಥ ಹೊತ್ತಲ್ಲಿ ಮಿಲಿಟರಿಯೋರೇ ಬರೋದು" ಎಂದು ಇಟ್ಟುಬಿಟ್ಟರು.

ನಿಜ ಹೇಳಬೇಕೆಂದರೆ ಅದು ಬೇಗ ಬಂತು. ದೂರಲು ಸಿದ್ಧವಾಗಿ ನಿಂತಿದ್ದ ಊರಿನವರಿಗೆ ಸ್ವಲ್ಪ ನಿರಾಸೆಯೇ ಆಯಿತು. ಆದರೆ ಬಣ್ಣ ಬಿಳಿ, ಮೇಲೊಂದು ಕೆಂಪು ಪಟ್ಟಿ. ನಮ್ಮ ಕಡೆ ಬಿಳಿ ಹೆಲಿಕಾಪ್ಟರ್ ಬರುವುದು ಎರಡೇ ಕೆಲಸಕ್ಕೆ: ಸೈಟು ಮಾರಿ ದುಡ್ಡು ಮಾಡಿದವರ ಮನೆ ಮದುವೆಗೆ, ಇಲ್ಲವೇ ನೆರೆ ನೋಡಲು ಬರುವ ಮಂತ್ರಿಗೆ. ಅವತ್ತು ಮಂತ್ರಿ ಬರುತ್ತಾರೆಂಬ ಗಾಳಿಸುದ್ದಿ ಬೆಳಗಿನಿಂದಲೇ ಇತ್ತು.

ಹೆಲಿಕಾಪ್ಟರ್ ತಲೆಯ ಮೇಲೆ ಬಂದು ನಿಂತಿತು. ನನ್ನ ಗಂಡ ಒದ್ದೆ ಅಂಗಿಯ ಗುಂಡಿ ಹಾಕಿಕೊಂಡು, ನೆಟ್ಟಗೆ ನಿಂತು, ಬಲು ಮರ್ಯಾದೆಯಿಂದ ಕೈ ಮುಗಿದರು. ಬಾಗಿಲಲ್ಲಿ ಕೂತವನು ಕೈ ಬೀಸಿದ. ಆಮೇಲೆ ಇವರು ತೋಳು ಚಾಚಿ, ಹುಡುಗರಿಗೆ ಕಲಿಸುತ್ತಿದ್ದ 'ಮುಂದೆ ನಡೆ' ಸನ್ನೆ ಮಾಡಿದರು. ಹೆಲಿಕಾಪ್ಟರ್ ವಿಧೇಯ ವಿದ್ಯಾರ್ಥಿಯ ಹಾಗೆ ಮುಂದೆ ನಡೆಯಿತು.

ನಾನು ಏರಿಯ ಮೇಲೆ ಬಾಗಿನದ ಮೊರ ಹಿಡಿದುಕೊಂಡೇ ನಿಂತಿದ್ದೆ. ನೀರು ತಾರಸಿಯ ಅಂಚನ್ನು ಮುಟ್ಟುತ್ತಿತ್ತು. ಆ ಮಹಾಶಯರು ಏರಿಯತ್ತ ತಿರುಗಿ ಇನ್ನೊಮ್ಮೆ ಕೈ ಮುಗಿದರು. ಹೆಲಿಕಾಪ್ಟರ್ ಹೋದರೂ ಮಂತ್ರಿಭಕ್ತಿ ಇಳಿದಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಮತ್ತೆ ಮೂರನ್ನು ಒತ್ತಿದೆ.

"ಮೇಡಂ, ನಮ್ಮವರು ಸ್ಥಳಕ್ಕೆ ಹೋಗಿದ್ರು. ಹಿರಿಯರು ನಮಸ್ಕಾರ ಮಾಡಿ, ಬೇಡ ಹೋಗಿ ಅಂದ್ರಂತೆ. ಸೇವೆ ನಿರಾಕರಿಸಿದ್ದಾರೆ ಅಂತ ನಿಮ್ಮ ಕೇಸ್ ಕ್ಲೋಸ್ ಆಗಿದೆ. ಈಗ ಪಕ್ಕದೂರಿನ ಕೇಸಿಗೆ ಹೋಗ್ತಿದ್ದಾರೆ."

"ಮಂತ್ರಿ ಅಂದ್ಕೊಂಡವ್ರೆ ಕಣಮ್ಮ" ಎಂದೆ. ಇಂಥದ್ದಕ್ಕೆ ಏನು ಹೇಳಬೇಕೆಂದು ಅವಳಿಗೆ ತರಬೇತಿಯಲ್ಲಿ ಕಲಿಸಿರಲಾರರು. ಕಡೆಗೆ, "ವಾಪಸ್ ಕಳಿಸ್ತೀನಿ ಮೇಡಂ, ಈ ಸಲ ಏನಾದ್ರೂ ಬೀಸೋಕೆ ಹೇಳಿ" ಎಂದಳು.

ಇವರಿಗೆ ಫೋನ್ ಮಾಡಿದೆ. "ರೀ, ಅದು ನಿಮ್ಗೋಸ್ಕರ ಬಂದಿದ್ದು. ಮತ್ತೆ ಬರುತ್ತೆ. ಏನಾದ್ರೂ ಬೀಸಿ."

"ಬಿಳೀದು ಕಣೆ ಅದು. ಮಿಲಿಟರೀದಲ್ಲ."

"ಕಂಪನೀದು."

"ಕಂಪನಿಯೋರು ಎಲ್ಲಿ ಬಂದಾರೆ. ನೀನು ಮನೆಗ್ ಹೋಗು, ಅಲ್ಲಿ ನಿಂತ್ಕೋಬೇಡ."

ಬೈಯಲು ಬಾಯಿ ತೆರೆದೆ. ಅಳು ಬಂತು. "ಬಣ್ಣ ಯಾವುದಾದ್ರೆ ಏನ್ರೀ? ನಂಗೆ ಭಯ ಆಗ್ತಿದೆ. ನೀವ್ ಮನೆಗ್ ಬನ್ನಿ."

ಬಿಳಿ ಹೆಲಿಕಾಪ್ಟರ್ ಮತ್ತೆ ಬಂತು. ಇಸ್ತ್ರಿಯಿಲ್ಲದ ಅಂಗಿಯಲ್ಲಿ ಹಾಲು ತರಲೂ ಹೋಗದ ನನ್ನ ಗಂಡ ಇಡೀ ಊರಿನ ಎದುರು ಪಂಚೆ ಬಿಚ್ಚಿ, ಪಟ್ಟೆ ಚಡ್ಡಿಯಲ್ಲಿ ನಿಂತು ಎರಡೂ ಕೈಯಲ್ಲಿ ಬೀಸಿದರು. ಒಬ್ಬ ಹಗ್ಗದಲ್ಲಿ ಇಳಿದು ಇವರನ್ನು ಅಪ್ಪಿಕೊಂಡ. ಇಬ್ಬರೂ ಮೇಲೆ ಹೋಗುವವರೆಗೆ ನಾನು ಮೊರವನ್ನು ಎದೆಗವುಚಿಕೊಂಡು ನಿಂತಿದ್ದೆ. ಏರಿಯಾಚೆಯ ಶಾಲೆಯ ಮೈದಾನದಲ್ಲಿ ಇಳಿಸಿದರು. ನಾನು ಅಲ್ಲಿಗೆ ಓಡುವಷ್ಟರಲ್ಲಿ ಇವರು ಹಗ್ಗದಲ್ಲಿ ಇಳಿದವನ ವಿಚಾರಣೆ ಶುರುಮಾಡಿದ್ದರು.

"ಮೊದ್ಲು ಎಲ್ಲಿದ್ದೆ ನೀನು?"

"ಮಿಲಿಟರೀಲೇ ಸರ್. ಅಲ್ಲೂ ಇದೇ ಕೆಲಸ. ಪೆನ್ಷನ್ ತಗೊಂಡು ಇಲ್ಲಿಗ್ ಬಂದೆ."

ಇವರು ಪಟ್ಟೆ ಚಡ್ಡಿಯಲ್ಲೇ ಅವನಿಗೊಂದು ಸೆಲ್ಯೂಟ್ ಹೊಡೆದರು. ಊರ ಹುಡುಗರು ತೆಗೆದ ಆ ವಿಡಿಯೊ ವಿಜಯಪುರದ ನಮ್ಮ ಬೀಗರವರೆಗೂ ತಲುಪಿದೆ.

ಮರುದಿನ ಕಾಫಿ ಕೊಡುವಾಗ ಬಿಡದೆ ಕೆಣಕಿದೆ. "ಮೊದಲ ನಮಸ್ಕಾರ ಮಂತ್ರಿಗೆ, ಸರಿ. ಹೆಲಿಕಾಪ್ಟರ್ ಹೋದ್ಮೇಲೆ ಇನ್ನೊಂದು ಯಾರಿಗ್ರೀ? ಅವನ ಪಿಎಗಾ?"

ಅವರು ಲೋಟ ಕೆಳಗಿಟ್ಟರು.

"ನೀರು ಕಾಲಿಗ್ ಬಂದಿತ್ತು. ಇನ್ನ್ಯಾರೂ ಬರಲ್ಲ ಅನ್ನಿಸ್ತು. ನೀನು ಮೊರ ಹಿಡ್ಕೊಂಡ್ ನಿಂತಿದ್ದು ಕಾಣಿಸ್ತಿತ್ತು."

"ಫೋನ್ ಇತ್ತಲ್ಲ ಕೈಯಲ್ಲಿ?"

"ಫೋನಲ್ಲಿ ಹೇಳೋಕ್ ಆಗ್ಲಿಲ್ಲ ಕಣೆ."

ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿ, ಪಕ್ಕದಲ್ಲಿ ಕೂತೆ.