ಹತ್ತಿಯಮ್ಮನ ಮೊಮ್ಮಗಳ ಮುಂದಿನ ಹಲ್ಲು

ಹಲ್ಲಿನ ಆಸ್ಪತ್ರೆಯ ಮೂರನೇ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಸಹಾಯಕಿಯಾಗಿರುವ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಬಾಯಿ ತೆರೆದವರ ಕೆನ್ನೆಗೆಲ್ಲ ಹತ್ತಿ ತುರುಕುವವಳಾದ್ದರಿಂದ ಎಲ್ಲರಿಗೂ ಆಕೆ ಹತ್ತಿಯಮ್ಮ. ಅದಕ್ಕೂ ಮೊದಲು ಹತ್ತು ವರ್ಷ ನೂಲು ತೆಗೆಯುವ ಕಾರ್ಖಾನೆಯಲ್ಲಿ ಬಿಸಿನೀರಿಗೆ ಕೈಹಾಕಿ ರೇಷ್ಮೆಗೂಡುಗಳ ಎಳೆ ಬಿಡಿಸುತ್ತಿದ್ದಳು. ಬೆರಳ ತುದಿಗಳು ಆಗಲೇ ಮರಗಟ್ಟಿಹೋಗಿದ್ದವು, ಬಾಯಿ ಮಾತ್ರ ಇವತ್ತಿಗೂ ಚುರುಕು.

ಅಳುವ ಮಕ್ಕಳನ್ನು ಕುರ್ಚಿಗೆ ಹತ್ತಿಸುವುದು ಆಕೆಗೆ ನೀರು ಕುಡಿದಷ್ಟು ಸಲೀಸು. ಡಾಕ್ಟರು ಬರುವ ಮೊದಲೇ ಕಿವಿಯಲ್ಲಿ ಉಸುರುತ್ತಿದ್ದಳು: "ನೋಯ್ತಾ ಅಂತ ಕೇಳಿದ್ರೆ ಇಲ್ಲ ಅನ್ನು ಪುಟ್ಟಾ, ಬೇಗ ಬಿಟ್ಬಿಡ್ತಾರೆ." ಮಕ್ಕಳು ಹಾಗೇ ಹೇಳುತ್ತಿದ್ದವು. ಡಾಕ್ಟರಿಗೂ ಖುಷಿ, ಹೊರಗೆ ಕೂತ ತಾಯಂದಿರಿಗೂ ಖುಷಿ.

ಹೀಗಿರುವಾಗ ಮಗಳ ಮಗಳು, ಒಂಬತ್ತು ವರ್ಷದವಳು, ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲನ್ನು ಅರ್ಧಕ್ಕೆ ಮುರಿದುಕೊಂಡಳು. ಒಳಗಿನ ಕೆಂಪು ತಿರುಳು ಕಾಣುತ್ತಿತ್ತು.

"ಬೇರು ಇನ್ನೂ ಎಳೇದು," ಎಂದರು ಡಾಕ್ಟರಮ್ಮ. "ತಿರುಳೆಲ್ಲಾ ತೆಗೆದುಬಿಟ್ರೆ ಹಲ್ಲು ಬೆಳೆಯೋದೇ ನಿಂತುಹೋಗುತ್ತೆ. ಕೆಟ್ಟಿರೋಷ್ಟನ್ನ ಮಾತ್ರ ತೆಗೆದು, ರೇಷ್ಮೆ ಪ್ರೋಟೀನಿಂದ ಮಾಡಿರೋ ಒಂದು ಚೂರು ಸ್ಪಂಜು ಇಡೋಣ. ಅದನ್ನ ಹಿಡ್ಕೊಂಡು ಹೊಸ ತಿರುಳು ಬೆಳೀಬಹುದು. ಇದಿನ್ನೂ ಪ್ರಯೋಗ, ಖಾತ್ರಿ ಏನಿಲ್ಲ."

"ರೇಷ್ಮೆ ಅಂದ್ರೆ ಹುಳದ ಎಂಜಲು ಅಲ್ವಾ ಡಾಕ್ಟ್ರೇ?"

"ಹೌದು. ಅಂಟೆಲ್ಲಾ ತೊಳೆದು ಶುದ್ಧ ಮಾಡಿರ್ತಾರೆ. ತಿರುಳು ಬೆಳೆದ ಹಾಗೆ ಅದು ಕರಗಿಹೋಗುತ್ತೆ."

ಹತ್ತಿಯಮ್ಮ ತಲೆಯಾಡಿಸಿದಳು, ತಲೆಗೆ ಮಾತ್ರ ಏನೂ ಹೋಗಲಿಲ್ಲ. ಕುದಿಸಿದರೂ ಕರಗದ ಎಳೆ ಮಗುವಿನ ಹಲ್ಲೊಳಗೆ ಹೇಗೆ ಕರಗುತ್ತದೆ? ಕರಗುವುದೇ ಆದರೆ ಇಡುವುದಾದರೂ ಏಕೆ? ಹುಳದ ಎಂಜಲಿಗೂ ಮನುಷ್ಯರ ಹಲ್ಲಿಗೂ ಎಲ್ಲಿಂದೆಲ್ಲಿಯ ಸಂಬಂಧ? ಫೋನಿನಲ್ಲಿ ಮಗಳು "ಏನಂದ್ರಮ್ಮಾ?" ಎಂದಾಗ "ಒಳ್ಳೇದೇ ಅಂತೆ" ಎಂದು ಜಾರಿಕೊಂಡಳು.

ಸ್ಪಂಜು ಇಟ್ಟು ಆರು ತಿಂಗಳಾದ ಮೇಲೆ ಪರೀಕ್ಷೆಗೆ ಕರೆದರು. ಎಕ್ಸ್‌ರೇ ನೋಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ತಿರುಳು ಬದುಕಿದೆಯೇ ಎಂಬುದಕ್ಕೆ ಅದರಲ್ಲಿ ಹೌದೂ ಇರಲಿಲ್ಲ, ಇಲ್ಲವೂ ಇರಲಿಲ್ಲ.

"ಮಂಜುಗಡ್ಡೆ ಮುಟ್ಟಿಸಿ ನೋಡ್ತೀನಿ. ಝುಂ ಅಂದ್ರೆ ತಿರುಳು ಬದುಕಿದೆ. ಏನೂ ಅನ್ನಿಸ್ದಿದ್ರೆ ಸತ್ತಿದೆ ಅಂತ್ಲೇ ಲೆಕ್ಕ, ಇವತ್ತೇ ಒಳಗೆಲ್ಲಾ ಕೆರೆದು ಮುಚ್ಚಿಬಿಡೋಣ."

ಮಂಜು ಹಲ್ಲಿಗೆ ತಾಗಿತು. "ಏನಾದ್ರೂ ಅನ್ನಿಸ್ತಾ ಪುಟ್ಟಾ? ನೋಯ್ತಾ?"

"ಇಲ್ಲ."

ಇನ್ನೊಂದು ಸಲ ತಾಗಿತು. "ಇಲ್ಲ."

ಡಾಕ್ಟರಮ್ಮನ ಮುಖ ಬಾಡಿತು. "ಕೆರೆಯೋ ಸೂಜಿಗಳ ತಟ್ಟೆ ಕೊಡಿ," ಎಂದರು. ಹತ್ತಿಯಮ್ಮ ಕೈ ಚಾಚಿದಳು. ಆಗಲೇ ಮಗುವಿನ ಕಾಲ್ಚೀಲದೊಳಗೆ ಬೆರಳುಗಳು ಮಡಚಿಕೊಂಡಿರುವುದು ಕಣ್ಣಿಗೆ ಬಿತ್ತು. ಬೆಳಿಗ್ಗೆ ಕುರ್ಚಿಗೆ ಹತ್ತಿಸುವಾಗ ಇವಳ ಕಿವಿಯಲ್ಲೂ ಅದನ್ನೇ ಉಸುರಿದ್ದಳು!

"ಡಾಕ್ಟ್ರೇ, ತಡೀರಿ. ತಪ್ಪು ನಂದು. ಇಲ್ಲ ಅನ್ನು ಅಂತ ನಾನೇ ಹೇಳ್ಕೊಟ್ಟಿದ್ದೆ." ಮಗುವಿನ ಕಡೆ ತಿರುಗಿದಳು. "ಪುಟ್ಟಾ, ನಿಜ ಹೇಳಮ್ಮ, ತಣ್ಣಗಾಯ್ತಾ?"

ಮಗು ಅಜ್ಜಿಯನ್ನೂ ಡಾಕ್ಟರನ್ನೂ ಮಿಕಿಮಿಕಿ ನೋಡಿತು. "ಈಗ ಏನ್ ಹೇಳ್ಬೇಕು ಅಜ್ಜಿ? ಹೌದು ಅನ್ಲಾ?"

ಈಗ ಹೌದು ಎಂದರೂ ಅದು ಹಲ್ಲಿನ ಮಾತೋ, ಅಜ್ಜಿಯ ಮಾತೋ? ಯಾರು ನಂಬುವುದು? ಡಾಕ್ಟರಮ್ಮ ಒಂದು ಬಟ್ಟೆ ತೆಗೆದು ಮಗುವಿನ ಕಣ್ಣಿಗೆ ಕಟ್ಟಿದರು. "ಬಾಯಲ್ಲಿ ಏನೂ ಹೇಳ್ಬೇಡ. ತಣ್ಣಗೆ ಅನ್ನಿಸಿದ ತಕ್ಷಣ ಕೈ ಎತ್ತು, ಅಷ್ಟೇ."

ಒಣ ಹತ್ತಿ ಮುಟ್ಟಿಸಿದರು. ಕೈ ಮಡಿಲಲ್ಲೇ ಇತ್ತು. ಮತ್ತೆ ಒಣ ಹತ್ತಿಯನ್ನೇ ಮುಟ್ಟಿಸಿದರು, ಕೈ ಅಲುಗಲಿಲ್ಲ. ಮೂರನೆಯದಕ್ಕೆ ಮಂಜು ಮುಟ್ಟಿಸಿದರು.

ಕೈ ಚಂಗನೆ ಮೇಲೆದ್ದು ದೀಪದ ಹಿಡಿಗೆ ಬಡಿಯಿತು. "ಅಮ್ಮಾ!"

"ನೋಯ್ತಾ?" ಎಂದಳು ಅಜ್ಜಿ.

"ಹೂಂ, ತುಂಬಾ!"

ಹತ್ತಿಯಮ್ಮ ಮಗುವನ್ನು ತಬ್ಬಿಕೊಂಡು ಗೊಳ್ಳೆಂದು ನಕ್ಕುಬಿಟ್ಟಳು. ನೋವಾದ ಮಗು ಸಿಟ್ಟಿನಿಂದ ಮುಖ ತಿರುಗಿಸಿತು. ಡಾಕ್ಟರಮ್ಮನೂ ನಗುತ್ತಲೇ ಸೂಜಿಗಳ ತಟ್ಟೆಯನ್ನು ಬದಿಗಿಟ್ಟರು. ಆಮೇಲೆ ಏನೋ ಹೊಳೆದಂತೆ ತಿರುಗಿ, ಮೆಲ್ಲಗೆ ಕೇಳಿದರು:

"ಇಲ್ಲೀವರೆಗೆ ಎಷ್ಟು ಮಕ್ಕಳಿಗೆ ಹೀಗೆ ಹೇಳ್ಕೊಟ್ಟಿದೀರಿ ಅಮ್ಮಾ?"

ಹತ್ತಿಯಮ್ಮನ ನಗು ಅಲ್ಲಿಗೇ ನಿಂತಿತು.