ತಾಂಬಾಕ್ಕೆ ಹೋಗಿ ಬಂದ ನರ್ಸಬಾಯಿ

ಮೊನ್ನೆ ಮೊಮ್ಮಗ ಮೊಣಕಾಲು ತರಚಿಕೊಂಡು ಬಂದ. ಟಿಂಚರ್ ಹಚ್ಚಲೆಂದು ಬಾಟಲಿಯ ಬಿರಡೆ ತೆಗೆದೆ ನೋಡಿ, ಆ ವಾಸನೆಗೆ ಬಸವನ ಬಾಗೇವಾಡಿಯ ನಮ್ಮ ಹಳೆಯ ಪಡಸಾಲೆಯೂ ಅಲ್ಲಿ ಗೋಡೆಗೊರಗಿ ಕೂರುತ್ತಿದ್ದ ನರ್ಸಬಾಯಿಯೂ ಕಣ್ಣ ಮುಂದೆ ಬಂದರು...

ಎಪ್ಪತ್ತರ ದಶಕದ ಮಾತು. ನಾನು ಆ ಮನೆಗೆ ಸೊಸೆಯಾಗಿ ಬಂದ ಹೊಸತು. ಆಕೆ ಸರಕಾರಿ ದವಾಖಾನೆಯ ನರ್ಸ್. ಓಣಿಯ ಎಷ್ಟೋ ಕೂಸುಗಳು ಆಕೆಯ ಕೈಯಲ್ಲೇ ಹುಟ್ಟಿದ್ದವು. ರವಿವಾರ ಮಧ್ಯಾಹ್ನ ನಮ್ಮಲ್ಲಿಗೆ ಬಂದು ಯೇಸುಸ್ವಾಮಿಯ ವಿಷಯ ಹೇಳುವಳು. ನನ್ನ ಅತ್ತೆಯೋ, ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದವರು! ಆದರೂ ಜೋಳ ಹಸನು ಮಾಡುತ್ತ ಕಿವಿಗೊಟ್ಟು ಕೇಳುವರು, ನಡುನಡುವೆ ಪೊಲೀಸರ ಹಾಗೆ ಪ್ರಶ್ನೆ ಹಾಕುವರು. ನನಗಂತೂ ನರ್ಸಬಾಯಿಯ ಕೊರಳಿನ ಶಿಲುಬೆಯ ಮೇಲೇ ಕಣ್ಣು. ಆಕೆ ಹುಟ್ಟಿದ್ದು ನಮ್ಮ ಲಿಂಗಾಯತರಲ್ಲೇ ಎಂದು ಕೇಳಿದ್ದೆ. ಹೇಗೆ ಬದಲಾದಳೆಂದು ವಿಚಾರಿಸುವ ಧೈರ್ಯ ನನಗಿರಲಿಲ್ಲ. ಅತ್ತೆಯವರಿಗೆ ಧೈರ್ಯಕ್ಕೇನು ಬರ? ಒಂದು ರವಿವಾರ ಆ ಶಿಲುಬೆಯತ್ತ ಬೆರಳು ಮಾಡಿ ಕೇಳಿಯೇ ಬಿಟ್ಟರು.

“ಇದನ್ನ ಯಾರು ಕಟ್ಯಾರವಾ ನಿನಗ?”

“ನಾನಽ ಹಾಕ್ಕೊಂಡೇನ್ರಿ ಅವ್ವಾರ, ನರ್ಸ್ ಕಲ್ಯಾಕ ಹೋದಾಗ.”

“ಹುಟ್ಟಿದಾಗ ಕಟ್ಟಿದ ಲಿಂಗ?”

“ಅವ್ವನ ಕೈಯಾಗ ಕೊಟ್ಟು ಬಂದೇನ್ರಿ.”

ತವರೂರು ತಾಂಬಾದಲ್ಲಿದ್ದ ಆ ತಾಯಿ ಅಂದಿನಿಂದ ಮಗಳನ್ನು ಹೊಸ್ತಿಲು ದಾಟಗೊಟ್ಟಿರಲಿಲ್ಲವಂತೆ. ಮಗಳೂ ಆ ಕಡೆ ಹೋಗುವುದನ್ನು ಬಿಟ್ಟಿದ್ದಳು. ಅತ್ತೆಯವರು ಮೊರ ಕೆಳಗಿಟ್ಟರು.

“ಹೆತ್ತಾಕಿಗಿ ಹೇಳದ ಮಾತು ನಮಗ್ಯಾಕ ಹೇಳ್ತಿ? ಮೊದಲ ಅಕಿಗಿ ಹೇಳಿ ಬಾ. ಆಮ್ಯಾಗ ನಾ ಕೇಳ್ತೇನಿ.”

ನರ್ಸಬಾಯಿ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದಳು. ನನಗೆ ಅತ್ತೆಯವರ ಮೇಲೆ ಎಲ್ಲಿಲ್ಲದ ಸಿಟ್ಟು. ಮುಂದೆ ಕೆಲವು ರವಿವಾರ ಆಕೆಯ ಸುಳಿವೇ ಇಲ್ಲ.

ಮತ್ತೆ ಬಂದಾಗ ಕಣ್ಣು ಊದಿಕೊಂಡಿದ್ದವು. ತಾಂಬಾಕ್ಕೆ ಹೋಗಿದ್ದಳಂತೆ. ತಾಯಿ ಮಾತಾಡಿಸಲಿಲ್ಲ, ಒಳಗೆ ಕರೆಯಲೂ ಇಲ್ಲ. ರೊಟ್ಟಿ ಪಲ್ಯ ತಂದು ಕಟ್ಟೆಯ ಮೇಲಿಟ್ಟು, ಒಳಗೆ ಹೋಗಿ ಪೂಜೆಗೆ ಕುಳಿತಳು. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ತಾಯಿ ತನ್ನ ಲಿಂಗದ ಪೂಜೆ ಮುಗಿಸಿ, ಇನ್ನೊಂದು ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಅದು ಮಗಳು ಬಿಟ್ಟು ಹೋಗಿದ್ದ ಲಿಂಗ.

“ನನ್ನ ಪಾಲಿನ ಪೂಜಿ ದಿನಾ ಅಕಿನಽ ಮಾಡ್ತಾಳಂತ್ರಿ, ಬಾಜೂ ಮನಿಯಾಕಿ ಹೇಳಿದ್ಳು. ಅದಾಗದ ಉಣ್ಣೂದಿಲ್ಲಂತ... ನಾ ಇಲ್ಲಿ ದಿನಾ ಅಕಿ ಸಲುವಾಗಿ ಪ್ರಾರ್ಥನಾ ಮಾಡ್ತೇನಿ. ಏನಂತ ಹೇಳ್ಲಿರಿ ಅಕಿಗಿ? ಹೇಳದಽ ಎದ್ದು ಬಂದೇನ್ರಿ.”

ಅತ್ತೆಯವರು ಎದ್ದು ಚಾಪೆ ಹಾಸಿದರು.

“ಕುಂಡ್ರು. ಈಗ ಹೇಳು. ಅಕಿ ಬದಲಿ ನಾ ಕೇಳ್ತೇನಿ.”

ಅಂದು ಒಂದೂ ಪ್ರಶ್ನೆ ಹಾಕದೆ ಕಡೆಯವರೆಗೆ ಕೇಳಿದರು. ಕೇಳಿಯೂ ತಮ್ಮ ಲಿಂಗ ಬಿಡಲಿಲ್ಲ, ನರ್ಸಬಾಯಿ ಹೇಳುವುದನ್ನೂ ಬಿಡಲಿಲ್ಲ. ಆಕೆಗೆ ಸಿಂದಗಿಗೆ ವರ್ಗವಾಗುವ ತನಕ ರವಿವಾರಗಳು ಹಾಗೇ ನಡೆದವು.

ಅತ್ತೆಯವರು ಹೋಗಿ ಎಷ್ಟೋ ಕಾಲವಾಯಿತು. ನರ್ಸಬಾಯಿಯೂ ತೀರಿಕೊಂಡಳೆಂದು ಸಿಂದಗಿಯಿಂದ ಬಂದವರು ಹೋದ ವರ್ಷ ಹೇಳಿದಾಗ ನಾನು ಕಣ್ಣೀರು ಹಾಕಿದೆ. ನಮ್ಮಲ್ಲಿ ಸತ್ತವರ ಲಿಂಗವನ್ನು ಅವರ ಜೊತೆಗೇ ಮಣ್ಣು ಮಾಡುತ್ತಾರೆ. ಹಾಗಾದರೆ ತಾಂಬಾದ ತಾಯಿ ತೀರಿದ ದಿನ ಆ ಎರಡನೆಯ ಲಿಂಗ ಎಲ್ಲಿ ಹೋಯಿತು? ತಾಯಿಯ ಜೊತೆ ಮಣ್ಣಿಗೋ, ಮಗಳ ಕೈಗೋ? ಮಗಳನ್ನು ಅಂದಾದರೂ ಒಳಗೆ ಬಿಟ್ಟರೋ ಇಲ್ಲವೋ... ಹೇಳಬಲ್ಲವರೆಲ್ಲ ಹೋದರು. ಕೇಳಬೇಕೆನ್ನುವ ನಾನೊಬ್ಬಳು ಉಳಿದಿದ್ದೇನೆ.