ಬಚ್ಚಲಿನ ಕೆಂಪು ನೀರು

ಯುದ್ಧದ ಕಾಲದಲ್ಲಿ ಮುರ್ಡೇಶ್ವರದ ನಮ್ಮ ಕೇರಿಗೆ ಸಾಬೂನು ಬರುವುದೇ ಅಪರೂಪ. ಬಂದರೂ ಮೀನು ಮಾರುವ, ನನ್ನನ್ನು ಹೆತ್ತ ಆಯಿಯಂಥವರ ಕೈಗೆ ಎಲ್ಲಿ ಸಿಗಬೇಕು? ಬುಟ್ಟಿ ಹೊತ್ತು ಶಿರಾಲಿಯ ಮನೆಮನೆ ತಿರುಗಿ ಬಂದವಳಿಗೆ ಮುಖಕ್ಕಂಟಿದ ಮೀನಿನ ನಾತ ಕಂಡರೆ ಆಗದು. ತೆಂಗಿನ ಸಿಪ್ಪೆ ಸುಟ್ಟ ಬೂದಿಯನ್ನು ನೀರಲ್ಲಿ ಕದಡಿ, ತಿಳಿ ಬಸಿದು, ಅದರಲ್ಲಿ ಹೆಸರುಹಿಟ್ಟು ಕಲಸಿ ಮುಖಕ್ಕೆ ತಿಕ್ಕುತ್ತಿದ್ದಳು. ನಾತ ಹೋಗಲಿಲ್ಲವೆಂದು ದಿನದಿಂದ ದಿನಕ್ಕೆ ಬೂದಿ ಹೆಚ್ಚಿಸಿದಳು.

"ಮೀನು ಮಾರೋಳ ಮುಖ ಮೀನು ನಾತ ಬರದೆ ಮಲ್ಲಿಗೆ ಪರಿಮಳ ಬತ್ತದಾ?" ಎಂದು ಅಪ್ಪನ ತಾಯಿ, ನನ್ನ ಅಜ್ಜಿ, ಅಣಕಿಸುತ್ತಿದ್ದಳು. ಆಯಿ ಕೇಳಿದರೆ ತಾನೆ!

ಒಂದು ದಿನ ಅವಳ ಕೆನ್ನೆಯ ಮೇಲೆ ಬಿಳಿ ಮಚ್ಚೆ ಕಾಣಿಸಿತು. ಆಮೇಲೆ ಇನ್ನೊಂದು ಕೆನ್ನೆಗೂ ಬಂತು. ಶಿರಾಲಿಯ ಖಾಯಂ ಗಿರಾಕಿಯೊಬ್ಬಳು ಬುಟ್ಟಿಗೆ ಹಾಕಿದ್ದ ಕೈ ಹಿಂದಕ್ಕೆಳೆದು, "ಎಂತ ಅದು, ತೊನ್ನಾ? ಮೀನು ಬೇಡ" ಎಂದಳಂತೆ. ತೊನ್ನು ಅಂಟುತ್ತದೆಂದೇ ಆಗ ಎಲ್ಲರ ನಂಬಿಕೆ, ಆಯಿಯದೂ ಅದೇ. ತನ್ನ ತಾಟು ಬೇರೆ ಇಟ್ಟಳು, ಚಾಪೆ ಬೇರೆ ಹಾಸಿದಳು. ಕೆನ್ನೆಗೆ ಕೆನ್ನೆ ಹಚ್ಚಿ ಮಲಗುತ್ತಿದ್ದ ನನ್ನನ್ನು "ದೂರ ಇರೇ" ಎಂದು ತಳ್ಳಿದಳು. ವ್ಯಾಪಾರದ ಚಿಂತೆ ದೊಡ್ಡವರಿಗಿರಲಿ, ಆಯಿ ಇನ್ನು ನನ್ನನ್ನು ಮುಟ್ಟುವುದೇ ಇಲ್ಲವೇನೋ ಎಂದು ನನಗೆ ಅಳು ಬರುತ್ತಿತ್ತು.

ಮಚ್ಚೆಗೆ ಮದ್ದೆಂದು ಆಯಿ ಆ ಹಿಟ್ಟಿಗೆ ಅರಿಶಿನವನ್ನೂ ಸೇರಿಸಿದಳು. ಕತ್ತಲೆ ಬಚ್ಚಲಲ್ಲಿ ಅವಳು ಮುಖ ತೊಳೆಯುತ್ತಿದ್ದಾಗ, ಹೊರಗೆ ಬಾಳೆಬುಡಕ್ಕೆ ಹರಿದು ಬಂದ ನೀರು ನೋಡಿ ಅಜ್ಜಿ ಕೂಗಿದಳು.

"ಯಾರಿಗೇ ಆರತಿ ಎತ್ತಿದ್ದು? ಆರತಿ ನೀರು ಬಚ್ಚಲಿಗೆ ಚೆಲ್ಲೂದಾ?"

ನೀರು ಕೆಂಪಗಿತ್ತು. ಆರತಿಗೆಂದು ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಬರುವ ಬಣ್ಣ ಅದು.

"ಸುಣ್ಣ ಎಲ್ಲಿ ಹಾಕಿದೆ ಅತ್ತೆ? ಬರೀ ಬೂದಿ ತಿಳಿ," ಎಂದಳು ಆಯಿ ಒಳಗಿಂದ.

ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಯ್ಯೋ ಮಂಕೇ! ಸುಣ್ಣದ ಸುಡೋ ಖಾರವೇ ಬೂದೀಲೂ ಇದ್ದದೆ. ಅದು ತೊನ್ನಲ್ಲವೇ, ನೀನೇ ಮುಖ ಸುಟ್ಕಂಡಿದ್ದು!"

ಖಾರ ಮುರಿಯಲೆಂದು, ಮೀನುಸಾರಿಗೆ ಹುಳಿಗಾಗಿ ಹಾಕುವ ಬಿಂಬುಳಿ ಕಾಯಿ ಕೊಯ್ದು ತಂದು, ಆ ಕೆಂಪು ಹಿಟ್ಟಿಗೆ ಅಜ್ಜಿ ಹನಿಹನಿಯಾಗಿ ಹಿಂಡಿದಳು. ನೋಡನೋಡುತ್ತ ಕೆಂಪು ಹೋಗಿ ಹಳದಿ ಬಂತು. ಆಯಿಯ ಕೈ ಸುಮ್ಮನಿರಬೇಕಲ್ಲ, ಇನ್ನೆರಡು ಕಾಯಿ ಹಿಂಡಿ ಹಚ್ಚಿಕೊಂಡು "ಉರೀ ಉರೀ" ಎಂದು ಅಂಗಳವೆಲ್ಲ ಕುಣಿದಳು.

"ಬಣ್ಣ ತಿರುಗಿದ ಕೂಡಲೆ ಕೈ ಬಿಡು. ಸಾರಿಗೆ ಹುಳಿ ಹೆಚ್ಚಾದರೆ ಕಾಯಿಹಾಲು ಹಾಕಬಹುದು, ಮುಖಕ್ಕೆ ಎಂತ ಹಾಕ್ತೆ?" ಎಂದು ಅಜ್ಜಿ ಗದರಿದಳು. ಬೂದಿ ತಿಳಿ ಎರಡೇ ಚಮಚಕ್ಕಿಳಿಯಿತು. ಹುಳಿ, ಹಳದಿ ಬರುವಷ್ಟೇ. ತೊಳೆದ ಮೇಲೆ ಕೊಬ್ಬರಿ ಎಣ್ಣೆ.

ಕೆಲವು ದಿನಗಳಲ್ಲಿ ಬಿಳಿ ಹೊಟ್ಟು ಉದುರಿ, ಅಡಿಯಿಂದ ಆಯಿಯ ಮೊದಲಿನ ಕಪ್ಪು ಕೆನ್ನೆ ಎದ್ದು ಬಂತು. ಅಬ್ಬಾ! ಅಜ್ಜಿ ಸಮುದ್ರದ ಕಡೆ ತಿರುಗಿ ಕೈ ಮುಗಿದಳು. ಶಿರಾಲಿಯ ಆ ಗಿರಾಕಿ "ಬಂಗಡೆ ಇದ್ದಾ?" ಎಂದು ಕರೆದಾಗ ಆಯಿ ತುಂಬಿದ ಬುಟ್ಟಿ ಹೊತ್ತೇ "ಎಲ್ಲ ಖಾಲಿ ಆತು" ಎಂದು ಮುಂದೆ ನಡೆದಳಂತೆ.

ಆ ದಿನ ಊಟವಾದ ಮೇಲೆ ಅವಳೇ ತನ್ನ ಚಾಪೆ ಎಳೆದು ನನ್ನ ಚಾಪೆಗೆ ಕೂಡಿಸಿದಳು. ಕೆನ್ನೆಗೆ ಕೆನ್ನೆ ಹಚ್ಚಿ, ಮೆಲ್ಲಗೆ ಕೇಳಿದಳು: "ಮೀನು ನಾತ ಬತ್ತದಾ?"

"ಬತ್ತದೆ," ಎಂದೆ. ಇನ್ನಷ್ಟು ಒತ್ತಿಕೊಂಡೆ.